ಹಳೇ ಪಿಕಪ್‌ಗೆ ಬೇರೆ ಎಂಜಿನ್ ಕೂರಿಸೋದಾ, ಡಿಫ್ ರೇಶಿಯೋ ಬದಲಾಯಿಸೋದಾ?

ಕೆಸರುಗಾಲಿ:
ಎಲ್ಲರಿಗೂ ನಮಸ್ಕಾರ. ನನ್ನ ಹತ್ರ ಒಂದು ಹಳೇ ಸಿಂಗಲ್ ಕ್ಯಾಬ್ ಪಿಕಪ್ ಇದೆ. ಯಾವ ಕಂಪನಿದು ಅಂತ ಹೇಳಿದ್ರೆ ಮೊದಲು ಅದರದ್ದೇ ಜಗಳ ಶುರುವಾಗುತ್ತೆ, ಅದಕ್ಕೆ ಅಂಕಿಗಳನ್ನಷ್ಟೇ ಕೊಡ್ತೀನಿ. 2.4 ಲೀಟರ್ ಪೆಟ್ರೋಲ್, ಕಾರ್ಬ್ಯುರೇಟರ್, ಐದು ಗೇರಿನ ಮ್ಯಾನ್ಯುಯಲ್. ಟಾರ್ಕ್, ಅಂದ್ರೆ ತಿರುಗಿಸೋ ಬಲ, ಸುಮಾರು 180 ನ್ಯೂಟನ್ ಮೀಟರ್, ಅದೂ 2800 ಆರ್‌ಪಿಎಮ್ ಮುಟ್ಟಿದ ಮೇಲೆ. ಮುಂದೆ ಹಿಂದೆ ಎರಡೂ ಕಡೆ ಗಟ್ಟಿ ಆಕ್ಸಲ್, ಲೀಫ್ ಸ್ಪ್ರಿಂಗ್. ಕಂಪನಿ ಟೈರ್ 225/75 ಆರ್15 ಇತ್ತು. ಹೋದ ವರ್ಷ 33 ಇಂಚಿನದು ಹಾಕಿಸಿದೆ.

ಅಲ್ಲಿಂದ ಗಾಡಿ ಸತ್ತ ಹಾಗೆ ಆಗಿದೆ. ಐದನೇ ಗೇರ್ ಇಳಿಜಾರಿಗೆ ಮಾತ್ರ. ಕಲ್ಲಿನ ಮೆಟ್ಟಿಲು ಹತ್ತಿಸುವಾಗ ಫೋರ್ ಲೋ (ನಾಲ್ಕೂ ಚಕ್ರಕ್ಕೆ ಬಲ ಕೊಡೋ ನಿಧಾನದ ಗೇರ್) ಮೊದಲನೇ ಗೇರಲ್ಲೂ ಎಂಜಿನ್ ಕುಸಿಯುತ್ತೆ, ಇಲ್ಲಾ ಕ್ಲಚ್ ಅರ್ಧ ಒತ್ತಿ ಹಿಡೀಬೇಕು. ಕಳೆದ ಸಲ ಕ್ಲಚ್ ವಾಸನೆ ಹಿಂದಿನ ಗಾಡಿಯವರಿಗೂ ಬಂತಂತೆ. ಎಂಜಿನ್ ಮುದುಕ ಆಯ್ತು, ದೊಡ್ಡದೊಂದು ಕೂರಿಸೋಣ ಅಂತ ದುಡ್ಡು ಕೂಡಿಸ್ತಾ ಇದೀನಿ. ಯಾವ ಎಂಜಿನ್ ಒಳ್ಳೇದು? ಡೀಸೆಲ್ಲಾ, ವಿ8ಆ?

ಕುದುರೆಬಲ:
ಗುರು, ವಿ8. ಯೋಚನೆ ಮಾಡ್ಲೇಬೇಡ. 1999ರಿಂದ ಟ್ರಕ್‌ಗಳಲ್ಲಿ ಬಂದ ಜಿಎಮ್ 5.3 ಲೀಟರ್ ಎಂಜಿನ್ ಇದೆಯಲ್ಲ, ಅದನ್ನ ಲೋಕದಲ್ಲಿರೋ ಎಲ್ಲಾ ಗಾಡಿಗೂ ಕೂರಿಸಿದಾರೆ. ಅಡಾಪ್ಟರ್ ಪ್ಲೇಟ್, ವೈರಿಂಗ್ ಎಲ್ಲಾ ರೆಡಿ ಸಿಗುತ್ತೆ. ಡೀಸೆಲ್ಲೇ ಬೇಕು ಅಂದ್ರೆ ಕಮಿನ್ಸ್ 4ಬಿಟಿ. 3.9 ಲೀಟರ್, ನಾಲ್ಕು ಸಿಲಿಂಡರ್, ಪಂಪ್ ಪೂರ್ತಿ ಮೆಕ್ಯಾನಿಕಲ್, ಕಂಪ್ಯೂಟರ್ ಕಾಟ ಇಲ್ಲ. 1600 ಆರ್‌ಪಿಎಮ್‌ಗೆಲ್ಲಾ 360 ನ್ಯೂಟನ್ ಮೀಟರ್ ಕೊಡುತ್ತೆ, ನಿನ್ನ ಎಂಜಿನ್‌ನ ಎರಡರಷ್ಟು.

ನಿಧಾನಿ:
ತಡೀರಿ ಕುದುರೆಬಲ ಅವ್ರ. ರೋಗ ಏನಂತ ನೋಡೂದ್ರಾಗ ಆಪರೇಷನ್‌ಗೆ ಕರ್ಕೊಂಡ್ ಹೊಂಟ್ರಿ.

ಕೆಸರುಗಾಲಿ ಅವ್ರ, ನೀವೇ ಬರ್ದೀರಿ ನೋಡ್ರಿ, "33 ಇಂಚಿನ ಟೈರ್ ಹಾಕಿಸಿದೆ, ಅಲ್ಲಿಂದ ಗಾಡಿ ಸತ್ತ ಹಾಗೆ" ಅಂತ. ಎಂಜಿನ್ ಆ ವಾರದಾಗ ಮುದುಕ ಆತೇನು? ಗಾಡಿದ್ದು ಮೂರು ಅಂಕಿ ಹೇಳ್ರಿ: ಮೊದಲನೇ ಗೇರ್ ರೇಶಿಯೋ, ಟ್ರಾನ್ಸ್‌ಫರ್ ಕೇಸಿನ (ಎಂಜಿನ್ ಬಲ ಮುಂದ ಹಿಂದ ಎರಡೂ ಆಕ್ಸಲ್‌ಗೆ ಹಂಚೂ ಪೆಟ್ಟಿಗೆ) ಲೋ ರೇಶಿಯೋ, ಡಿಫ್ (ಆಕ್ಸಲ್ ನಡುವಿನ ಗೇರ್) ರೇಶಿಯೋ.

ಕೆಸರುಗಾಲಿ:
ಮ್ಯಾನ್ಯುಯಲ್ ಪುಸ್ತಕ ನೋಡಿದೆ ಸರ್. 3.95, 2.28, 4.10. ಐದನೇ ಗೇರ್ 0.85.

ನಿಧಾನಿ:
ಛಲೋ ಆತು, ಈಗ ಲೆಕ್ಕ ಮಾಡೂಣು. ಮೂರನ್ನೂ ಗುಣಿಸಿದ್ರ 37 ಬರ್ತೈತಿ. ಅಂದ್ರ ಚಕ್ರ ಒಂದು ಸುತ್ತು ತಿರುಗಬೇಕಾದ್ರ ಎಂಜಿನ್ 37 ಸುತ್ತು ಹಾಕ್ತೈತಿ. ಇದಕ್ಕ ಕ್ರಾಲ್ ರೇಶಿಯೋ ಅಂತಾರ. ನಿಮ್ಮ ಹಳೇ ಟೈರಿನ ಎತ್ತರ ಸುಮಾರು 718 ಮಿ.ಮೀ., ಈಗಿಂದು 838. ಎಂಜಿನ್ 800 ಆರ್‌ಪಿಎಮ್ ಐಡಲ್‌ನಾಗ ಇದ್ದಾಗ ಮೊದಲು ಗಾಡಿ ಗಂಟೆಗೆ 2.9 ಕಿ.ಮೀ. ಹೋಗ್ತಿತ್ತು. ಈಗ 3.4. ಸಣ್ಣ ಫರಕ ಅನಸ್ತೈತಿ, ಆದ್ರ ಕಲ್ಲಿನ ಮ್ಯಾಲೆ ಅದು ಭಾಳ ದೊಡ್ಡದು. ಡಿಫ್ 4.10 ಇದ್ದದ್ದು ಈ ಟೈರಿಗೆ 3.51 ಇದ್ದಂಗ ಕೆಲಸ ಮಾಡಾಕತ್ತೈತಿ. ರೋಡಿನಾಗೂ ಅಷ್ಟ: 80 ಕಿ.ಮೀ. ವೇಗಕ್ಕ ಐದನೇ ಗೇರ್‌ನಾಗ ಮೊದಲು 2050 ಇದ್ದದ್ದು ಈಗ 1760. ಪಾಪ ಆ ಎಂಜಿನ್‌ಗೆ 1760ಕ್ಕ ಉಸಿರ ಇಲ್ಲ. ಅದು ಮುದುಕ ಅಲ್ರಿ, ನೀವು ಅದಕ್ಕ ದೊಡ್ಡ ಬೂಟು ಹಾಕಿಸಿ ಓಡು ಅಂತೀರಿ.

ಈ ಟೈರಿಗೆ ಎಂಥಾ ಡಿಫ್ ಬೇಕು ಅಂತ ತಿಳೀಬೇಕಾದ್ರ, ಹಳೇ ಡಿಫ್ ರೇಶಿಯೋನ ಹೊಸ ಟೈರ್ ಎತ್ತರದಿಂದ ಗುಣಿಸಿ, ಹಳೇ ಎತ್ತರದಿಂದ ಭಾಗಿಸ್ರಿ. 4.10 × 838 ÷ 718. ಬರೂದು 4.79. ಹತ್ತಿರದ ಸೆಟ್ಟು 4.88.

ಕುದುರೆಬಲ:
ಲೆಕ್ಕ ಸರಿ ಸರ್. ಆದ್ರೆ ಟಾರ್ಕೂ ಗುಣಾಕಾರದಲ್ಲೇ ಬರೋದು. 4.88 ಹಾಕಿದ್ರೆ ಕ್ರಾಲ್ ರೇಶಿಯೋ 44 ಆಗುತ್ತೆ. 180 × 44 ಎಷ್ಟು, 360 × 37 ಎಷ್ಟು? ಡಿಫ್ ಬದಲಾಯಿಸಿ ನೂರಕ್ಕೆ 19 ಪಾಲು ಗಳಿಸೋದಕ್ಕಿಂತ ಎಂಜಿನ್ ಬದಲಾಯಿಸಿ ಎರಡರಷ್ಟು ಗಳಿಸೋದು ಮೇಲಲ್ವಾ?

ಗ್ರೀಸ್‌ಕೈ:
ಈ ಪ್ರಶ್ನೆಗೆ ನಾನು ಉತ್ತರ ಕೊಡ್ತೀನಿ, ಇದೇ ಕೆಲಸದಲ್ಲಿ ತಲೆ ಬೆಳ್ಳಗಾಗಿದೆ.

ಅವರ ಗಾಡಿ ಸಾಮಾನು ಸೇರಿ 1900 ಕಿಲೋ ಅಂತ ಇಟ್ಕೊಳ್ಳಿ. ಒಣ ಕಲ್ಲಿನ ಮೇಲೆ ಒಳ್ಳೇ ಟೈರ್, ಘರ್ಷಣೆ ಗುಣಾಂಕ 0.7. ನಾಲ್ಕೂ ಚಕ್ರ ಸೇರಿ ಹಿಡಿತ ತಪ್ಪದೆ ತಡ್ಕೊಳ್ಳೋದು ಸುಮಾರು 5500 ನ್ಯೂಟನ್ ಮೀಟರ್. ಅದರಾಚೆ ಎಷ್ಟು ಕೊಟ್ರೂ ಟೈರ್ ಸುತ್ತುತ್ತೆ ಅಷ್ಟೆ. ಈಗಿನ ಎಂಜಿನ್ನು ಈಗಿನ 37 ರೇಶಿಯೋದಲ್ಲಿ ಕೊಡಬಲ್ಲದ್ದು 180 × 37, ಅಂದ್ರೆ 6600 ಮೇಲೆ. ಗೇರು, ಬೇರಿಂಗಲ್ಲಿ ಹೋಗೋದನ್ನ ಕಳೆದರೂ 5600 ಉಳಿಯುತ್ತೆ. ಟೈರ್ ಬಳಸಬಲ್ಲದ್ದೆಲ್ಲಾ ಈ "ಸತ್ತ" ಎಂಜಿನ್ ಹತ್ರ ಈಗಾಗಲೇ ಇದೆ.

ಮತ್ತೆ ಯಾಕೆ ಕುಸಿಯುತ್ತೆ? ಆ 180 ಸಿಗೋದು 2800 ಆರ್‌ಪಿಎಮ್‌ಗೆ. ಮೊದಲನೇ ಗೇರ್ ಲೋನಲ್ಲಿ 2800 ಅಂದ್ರೆ ಈ ಟೈರಿಗೆ ಗಂಟೆಗೆ 12 ಕಿ.ಮೀ. ಮೊಣಕಾಲೆತ್ತರದ ಕಲ್ಲನ್ನ 12ರಲ್ಲಿ ಹತ್ತಿಸೋನು ಗಾಡಿ ಮುರ್ಕೊಂಡು ಬರ್ತಾನೆ. ಹಾಗಾಗಿ ಡ್ರೈವರ್ ಆಕ್ಸಿಲರೇಟರಿಂದ ಕಾಲು ಎತ್ತುತ್ತಾನೆ, ಆರ್‌ಪಿಎಮ್ 1000ಕ್ಕೆ ಇಳಿಯುತ್ತೆ, ಅಲ್ಲಿ ಎಂಜಿನ್ ಹತ್ರ ಏನೂ ಇಲ್ಲ. ಮಧ್ಯದಲ್ಲಿ ಸಿಕ್ಕಿ ಸಾಯೋದು ಕ್ಲಚ್ ಪ್ಲೇಟು. ಶಕ್ತಿ ಇದೆ, ಅದು ಬೇಕಾದ ವೇಗದಲ್ಲಿ ಸಿಗ್ತಾ ಇಲ್ಲ. ಎಂಜಿನ್‌ನ ಅದರ ಸುಖದ ಆರ್‌ಪಿಎಮ್‌ನಲ್ಲಿ ಬಿಟ್ಟು ಚಕ್ರನ ನಿಧಾನ ಮಾಡೋದು ಗೇರಿನ ಕೆಲಸ.

ಇಳಿಯುವಾಗಲೂ ಅದೇ ಕಥೆ. ಗೇರ್ ಚಿಕ್ಕದಿದ್ರೆ (ಅಂದ್ರೆ ರೇಶಿಯೋ ಅಂಕಿ ದೊಡ್ಡದಿದ್ರೆ) ಬ್ರೇಕ್ ಮುಟ್ಟದೆ ಎಂಜಿನ್ ಹಿಡಿತದಲ್ಲೇ ಇಳಿಸಬಹುದು. ಈಗ ಬ್ರೇಕ್ ಒತ್ತಿ ಒತ್ತಿ ಮುಂದಿನ ಚಕ್ರ ಜಾರ್ತಾ ಇರ್ಬೇಕು, ಹೌದಾ?

ಕೆಸರುಗಾಲಿ:
ಹೌದು ಗುರುಗಳೇ! ಅದನ್ನ ಹೇಳೋಕೇ ಮರ್ತಿದ್ದೆ.

ಮರಳುಗಾಡಿ:
ಇಲ್ಲಿ ಎಲ್ಲರೂ ಕಲ್ಲಿನ ಲೆಕ್ಕವನ್ನೇ ಹೇಳ್ತಿದ್ದಾರೆ. ಮರಳಲ್ಲಿ ಕಥೆ ಬೇರೆ. ಅಲ್ಲಿ ಚಕ್ರದ ವೇಗ ಬೇಕು, ಓಟ ಬೇಕು. ದಿಬ್ಬದ ಅರ್ಧದಲ್ಲಿ ಎಂಜಿನ್ ಉಸಿರು ಬಿಟ್ಟರೆ ಹೂತ ಹಾಗೇ. ಕೆಸರೂ ಹಾಗೆ, ಟೈರಿನ ಗುಂಡಿಯಲ್ಲಿ ತುಂಬಿದ ಮಣ್ಣು ಹಾರಬೇಕು ಅಂದರೆ ವೇಗವಾಗಿ ತಿರುಗಬೇಕು. ಅಲ್ಲಿ ಕುದುರೆಬಲ ಹೇಳಿದ್ದೇ ಸರಿ. ಎತ್ತರದ ಜಾಗಕ್ಕೂ ಹಾಗೆ: ಟರ್ಬೊ ಇಲ್ಲದ ಎಂಜಿನ್ ಪ್ರತಿ 1000 ಮೀಟರಿಗೆ ಸುಮಾರು ಹತ್ತನೇ ಒಂದು ಪಾಲು ಶಕ್ತಿ ಕಳ್ಕೊಳ್ಳುತ್ತೆ. 3000 ಮೀಟರ್ ಮೇಲೆ ಓಡಾಡೋನು ಟರ್ಬೊ ಡೀಸೆಲ್ ಬಗ್ಗೆ ಯೋಚಿಸಲೇಬೇಕು.

ಕೆಸರುಗಾಲಿ:
ನಂದು ಮುಕ್ಕಾಲು ಪಾಲು ಕಲ್ಲು, ಬೆಟ್ಟದ ದಾರಿ, ಮಳೆಗಾಲದಲ್ಲಿ ಕೆಸರು. ಮರಳು ಇಲ್ಲವೇ ಇಲ್ಲ.

ಕುದುರೆಬಲ:
ಸರಿ, ಕಲ್ಲಿಗೆ ಸೋತೆ. ಆದ್ರೂ 4ಬಿಟಿ 1000 ಆರ್‌ಪಿಎಮ್‌ನಲ್ಲೇ ಎಳೆಯುತ್ತಲ್ಲ, ಗ್ರೀಸ್‌ಕೈ ಸರ್ ಹೇಳಿದ ಸಮಸ್ಯೆ ಅಲ್ಲೇ ಮುಗೀತಲ್ವಾ?

ಗ್ರೀಸ್‌ಕೈ:
ಮುಗಿಯುತ್ತೆ. ಇನ್ನು ನಾಲ್ಕು ಸಮಸ್ಯೆ ಶುರುವಾಗುತ್ತೆ. ಆ ಎಂಜಿನ್ 300 ಕಿಲೋ ದಾಟುತ್ತೆ, ಅಷ್ಟೂ ಭಾರ ಮುಂದಿನ ಆಕ್ಸಲ್ ಮೇಲೆ. ಪಿಕಪ್‌ಗೆ ಮೊದಲೇ ಮೂಗು ಭಾರ, ಬಾಲ ಹಗುರ. ಸ್ಪ್ರಿಂಗು, ಬ್ರೇಕು, ರೇಡಿಯೇಟರು, ಎಂಜಿನ್ ಮೌಂಟು, ಕ್ಲಚ್ಚು ಎಲ್ಲಾ ಬದಲು. ಆ ಹಳೇ ಗೇರ್‌ಬಾಕ್ಸ್ 360 ನ್ಯೂಟನ್ ಮೀಟರ್ ತಡ್ಕೊಳ್ಳಲ್ಲ, ಅದೂ ಬದಲು. ನೋಂದಣಿ ಪತ್ರದ ಕೆಲಸ ಬೇರೆ, ಅದು ಎಲ್ಲೂ ಸುಲಭ ಇಲ್ಲ.

ಇನ್ನೊಂದು ಮಾತು ಯಾರೂ ಹೇಳಲ್ಲ. ಎಂಜಿನ್ನು ಡಿಫ್ಫು ಜೋಡಿ ಎತ್ತು ಇದ್ದ ಹಾಗೆ, ಒಂದನ್ನ ನೋಡದೆ ಇನ್ನೊಂದನ್ನ ಕೊಳ್ಳಬಾರದು. 4ಬಿಟಿ ಸುಮಾರು 2500 ಆರ್‌ಪಿಎಮ್‌ಗೆ ಮುಗಿಯೋ ಎಂಜಿನ್. ಈ ಟೈರು, 4.88 ಡಿಫ್ಫು ಇಟ್ಕೊಂಡು 100 ಕಿ.ಮೀ. ಹೋದ್ರೆ ಐದನೇ ಗೇರಲ್ಲೂ 2600. ಗವರ್ನರ್ (ಎಂಜಿನ್ ಆರ್‌ಪಿಎಮ್‌ಗೆ ತಡೆ ಹಾಕೋದು) ಅಷ್ಟು ಬಿಡಲ್ಲ. ಅದಕ್ಕೆ ಉದ್ದ ಡಿಫ್ (ಅಂಕಿ ಸಣ್ಣದಿರೋದು) ಬೇಕು, ಪೆಟ್ರೋಲಿಗೆ ಚಿಕ್ಕದು ಬೇಕು. ಎಂಜಿನ್ ಬದಲಿಸೋದೇ ಗಟ್ಟಿ ಅಂದ್ರೆ ಡಿಫ್‌ಗೆ ಈಗ ದುಡ್ಡು ಹಾಕ್ಬೇಡಿ. ಇಲ್ಲ ಅಂದ್ರೆ ಎಂಜಿನ್ ಆಸೆ ಬಿಟ್ಬಿಡಿ.

ಮೊದಲು ಒಂದು ಕೆಲಸ: ಕಂಪ್ರೆಷನ್ ಟೆಸ್ಟ್ (ಸಿಲಿಂಡರ್ ಎಷ್ಟು ಒತ್ತಡ ಹಿಡಿಯುತ್ತೆ ಅಂತ ಅಳೆಯೋದು) ಮಾಡಿಸಿ. ಎಂಜಿನ್ ಬಿಸಿ ಇರ್ಬೇಕು, ನಾಲ್ಕೂ ಪ್ಲಗ್ ತೆಗ್ದಿರ್ಬೇಕು, ಥ್ರಾಟಲ್ ಪೂರ್ತಿ ತೆಗ್ದು ಹಿಡೀಬೇಕು. ಅಂಕಿ ತಂದು ಇಲ್ಲಿ ಹಾಕಿ.

ಕಲ್ಲುದಾರಿ:
ನಾನು ಸ್ವಲ್ಪ ತಡವಾಗಿ ಬಂದೆ ಮಾರಾಯ್ರೆ. ನನ್ನದೂ ಇದೇ ತರಹದ ಗಾಡಿ, ಈ ದಾರಿ ಎಲ್ಲ ನಡೆದು ಆಗಿದೆ. ಒಂದು ವಿಷಯ ಉಂಟು. ನಿಧಾನಿಯವರು ಹೇಳಿದ 4.88 ಹಾಕಿದರೆ ಐಡಲ್ ವೇಗ ಪುನಃ 2.9ಕ್ಕೆ ಬರ್ತದೆ, ಅಂದರೆ ಹಳೇ ಟೈರಲ್ಲಿ ಇದ್ದಷ್ಟೇ. ಕಳ್ಕೊಂಡದ್ದು ವಾಪಸ್ ಸಿಕ್ಕಿತು, ಹೊಸತು ಏನೂ ಸಿಗಲಿಲ್ಲ. ಜೀಪ್ ರ‍್ಯಾಂಗ್ಲರ್ ರುಬಿಕಾನ್ ಮ್ಯಾನ್ಯುಯಲ್ ನೋಡಿ: ಮೊದಲ ಗೇರ್ 5.13, ಟ್ರಾನ್ಸ್‌ಫರ್ ಕೇಸ್ 4, ಡಿಫ್ 4.10. ಗುಣಿಸಿದರೆ 84. ಅವರ ಡಿಫ್ ನಮ್ಮದೇ, ವ್ಯತ್ಯಾಸ ಎಲ್ಲ ಟ್ರಾನ್ಸ್‌ಫರ್ ಕೇಸಲ್ಲಿ ಮತ್ತು ಮೊದಲ ಗೇರಲ್ಲಿ.

ಈ ಹಳೇ ಗೇರ್ ಮಾದರಿಯ ಟ್ರಾನ್ಸ್‌ಫರ್ ಕೇಸಿಗೆ 4.7ರ ಒಳಗೇರು ಸಿಗ್ತದೆ. ಇಲ್ಲದಿದ್ದರೆ ಇನ್ನೊಂದು ಕೇಸಿನ ಲೋ ಭಾಗವನ್ನು ಮುಂದೆ ಜೋಡಿಸಿ ಡಬಲ್ ಮಾಡ್ತಾರೆ, 2.28 × 2.28. 4.88 ಜೊತೆ ಅದು ನೂರರ ಹತ್ತಿರ ಹೋಗ್ತದೆ, ಐಡಲಲ್ಲಿ ಗಂಟೆಗೆ 1.3 ಕಿ.ಮೀ. ಪಕ್ಕದಲ್ಲಿ ನಡೀತಿರುವವ ನಿಂತು ಕಾಯಬೇಕು. ನಾನು ಡಬಲ್ ಹಾಕಿಸಿದ್ದೇನೆ. ಡಬಲ್‌ನ ಸುಖ ಏನೆಂದರೆ ಒಂದು ಮಾತ್ರ ಲೋ ಹಾಕಿಕೊಳ್ಳಬಹುದು, ಎರಡೂ ಹಾಕಿಕೊಳ್ಳಬಹುದು. 4.7ರಲ್ಲಿ ಹೈ ಮತ್ತು ಲೋ ನಡುವೆ ಏನೂ ಇಲ್ಲ, ಕೆಸರಿಗೆ ಅದು ತೀರಾ ಚಿಕ್ಕದಾಗ್ತದೆ. ಆದರೆ ಡಬಲ್ ಕೇಸ್ ಉದ್ದ ಆಗ್ತದೆ, ಪ್ರೊಪೆಲ್ಲರ್ ಶಾಫ್ಟ್ ಎರಡೂ ಬೇರೆ ಮಾಡಿಸಬೇಕು, ಹಿಂದಿನ ಮೌಂಟ್ ಗಟ್ಟಿ ಮಾಡಬೇಕು.

ಮತ್ತೆ, ನೂರರ ರೇಶಿಯೋದಲ್ಲಿ ಎಲ್ಲಿ ಸಿಕ್ಕಿಬಿದ್ದರೂ ಎಂಜಿನ್ ನಿಲ್ಲುವುದಿಲ್ಲ, ಬೇರೆ ಏನಾದರೂ ಮುರೀತದೆ. ನನಗೆ ಮುರಿದದ್ದು ಮುಂದಿನ ಆಕ್ಸಲಿನ ಸಿವಿ ಜಾಯಿಂಟ್ (ಚಕ್ರಕ್ಕೆ ಬಲ ಸಾಗಿಸುವ ಕೀಲು). ಸ್ಟೇರಿಂಗ್ ಪೂರ್ತಿ ತಿರುಗಿಸಿ ಎಡ ಚಕ್ರ ಕಲ್ಲಿನ ಬಿರುಕಲ್ಲಿ ಸಿಕ್ಕಿತ್ತು, ನಾನು ಸ್ವಲ್ಪ ಕಾಲು ಒತ್ತಿದೆ. ಮರದ ಕೊಂಬೆ ಮುರಿದ ಹಾಗೆ ಒಂದು ಶಬ್ದ. ಬಿಚ್ಚಿ ನೋಡಿದರೆ ಹೊರಗಿನ ಬಟ್ಟಲು ಎರಡು ಹೋಳು, ಗುಂಡುಗಳು ಗ್ರೀಸಲ್ಲಿ ತೇಲ್ತಾ ಇದ್ದವು. ಸ್ಟೇರಿಂಗ್ ತಿರುಗಿರುವಾಗ ಕಾಲು ಒತ್ತಬೇಡಿ.

ಆಟೋಅಣ್ಣ:
ಮಧ್ಯೆ ಬಾಯಿ ಹಾಕ್ತಿದೀನಿ, ಬೈಬೇಡಿ. ನಂದು ಹೊಸ ಹೈಲಕ್ಸ್, 2.8 ಡೀಸೆಲ್ ಆಟೋಮ್ಯಾಟಿಕ್. 265/65 ಆರ್17 ತೆಗ್ದು 285/70 ಆರ್17 ಹಾಕಿದ್ರೆ ನಾನೂ ಡಿಫ್ ಬದಲಾಯಿಸ್ಬೇಕಾ?

ನಿಧಾನಿ:
ಬ್ಯಾಡ್ರಿ. ಟೈರ್ 776 ಮಿ.ಮೀ. ಇದ್ದದ್ದು 831 ಆಗ್ತೈತಿ, ಏಳು ಪರ್ಸೆಂಟ್. ನಿಮ್ಮ ಎಂಜಿನ್ 1600ರಿಂದ 2800ರ ತನಕ 500 ನ್ಯೂಟನ್ ಮೀಟರ್ ಕೊಡ್ತೈತಿ, ಮ್ಯಾಲೆ ಟಾರ್ಕ್ ಕನ್ವರ್ಟರ್ (ಆಟೋಮ್ಯಾಟಿಕ್‌ನಾಗ ಕ್ಲಚ್ ಬದಲಿಗೆ ಇರೂದು) ಹೊಂಟ ಹೊತ್ತಿನಾಗ ಅದನ್ನ ಹತ್ತಿರಹತ್ತಿರ ಎರಡು ಪಟ್ಟು ಮಾಡ್ತೈತಿ. ಸ್ಪೀಡೋಮೀಟರ್ 100 ತೋರ್ಸಿದಾಗ ಸುಮಾರು 107ರ ಲೆಕ್ಕ ಇಟ್ಕೊಳ್ರಿ. ಗೇರ್‌ಬಾಕ್ಸ್ ಆಯಿಲ್ ಬಿಸಿ ಒಂದು ನೋಡ್ಕೊಳ್ರಿ, ನಿಧಾನ ಏರಿನಾಗ ಕನ್ವರ್ಟರ್ ಜಾರಿ ಜಾರಿ ಆಯಿಲ್ ಕಾಯ್ತೈತಿ. ಭಾರ ಎಳೆಯೂದಿದ್ರ ಒಂದು ಬ್ಯಾರೆ ಕೂಲರ್ ಹಾಕ್ಸಿರಿ.

ಹಾಂ, ಟೈರ್ 55 ಮಿ.ಮೀ. ದೊಡ್ಡದಾದ್ರ ಆಕ್ಸಲ್ ಕೆಳಗ ಸಿಗೂದು ಅದರ ಅರ್ಧ, 27. ಭಾಳ ಮಂದಿ ಪೂರ್ತಿ 55 ಅಂತ ಕುಣೀತಾರ.

ಕೆಸರುಗಾಲಿ:
ಕಂಪ್ರೆಷನ್ ಟೆಸ್ಟ್ ಆಯ್ತು. ಮೂರು ಸಿಲಿಂಡರ್ 11 ಬಾರ್ ಆಸುಪಾಸು. ಮೂರನೇದು ಮಾತ್ರ 8. ಎಂಜಿನ್ ಹೋಯ್ತಾ ಗುರುಗಳೇ?

ಗ್ರೀಸ್‌ಕೈ:
ಅವಸರ ಬೇಡ. ಮೂರನೇ ಸಿಲಿಂಡರ್‌ಗೆ ಪ್ಲಗ್ ತೂತಿಂದ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಟೆಸ್ಟ್ ಮಾಡಿ. ಅಂಕಿ ಏರಿದ್ರೆ ರಿಂಗ್ ಸವೆದಿದೆ, ಏರದಿದ್ರೆ ವಾಲ್ವ್ ಕಡೆ ನೋಡಿ. ಟ್ಯಾಪೆಟ್ ಕ್ಲಿಯರೆನ್ಸ್ (ವಾಲ್ವ್ ಪೂರ್ತಿ ಮುಚ್ಚೋಕೆ ಬಿಡೋ ಸಣ್ಣ ಸಂದು) ಕೊನೇ ಸಲ ಯಾವಾಗ ನೋಡಿದ್ದು?

ಕೆಸರುಗಾಲಿ:
ನಾನು ಗಾಡಿ ತಗೊಂಡ ಮೇಲೆ ನೋಡೇ ಇಲ್ಲ...

ಆಯಿಲ್ ಬಿಟ್ಟು ನೋಡಿದೆ, 8 ಇದ್ದದ್ದು 8. ವಾಲ್ವ್ ಕವರ್ ತೆಗೆದ್ರೆ ಮೂರನೇ ಸಿಲಿಂಡರಿನ ಎಕ್ಸಾಸ್ಟ್ ವಾಲ್ವ್‌ಗೆ ಫೀಲರ್ ಗೇಜಿನ ತೆಳು ಎಲೆಯೂ ಹೋಗ್ತಿರಲಿಲ್ಲ, ವಾಲ್ವ್ ಪೂರ್ತಿ ಮುಚ್ಚಿಕೊಳ್ತಾನೇ ಇರಲಿಲ್ಲ. ಸರಿ ಮಾಡಿ ಒಂದು ವಾರ ಓಡಿಸಿ ಮತ್ತೆ ಅಳೆದೆ. 10.5.

ಕುದುರೆಬಲ:
ಅಯ್ಯೋ, ನನ್ನ ವಿ8 ಕನಸು ಒಂದು ಫೀಲರ್ ಗೇಜಲ್ಲಿ ಮುಗೀತು.

ಗ್ರೀಸ್‌ಕೈ:
ಎಂಜಿನ್ ಚೆನ್ನಾಗಿದೆ. ಬೇಗ ನೋಡಿದಿರಿ, ಇಲ್ಲಾಂದ್ರೆ ವಾಲ್ವ್ ಸುಟ್ಟು ಹೋಗ್ತಿತ್ತು. ಎಂಜಿನ್ನಿಗೆ ಏನಾದ್ರೂ ಮಾಡ್ಲೇಬೇಕು ಅನ್ಸಿದ್ರೆ ಕಾರ್ಬ್ಯುರೇಟರ್ ತೆಗ್ದು ಫ್ಯೂಯಲ್ ಇಂಜೆಕ್ಷನ್ ಹಾಕ್ಸಿ. ಕಡಿದಾದ ಏರಲ್ಲಿ ಕಾರ್ಬ್ಯುರೇಟರಿನ ಬಟ್ಟಲಲ್ಲಿ ಪೆಟ್ರೋಲ್ ಒಂದು ಕಡೆ ವಾಲುತ್ತೆ, ಒಂದೋ ತುಂಬಿ ಹರಿಯುತ್ತೆ, ಇಲ್ಲಾ ಜೆಟ್ ಒಣಗುತ್ತೆ. ಗಾಡಿ ಓರೆಯಾದಾಗಲೇ ಎಂಜಿನ್ ನಿಲ್ಲುತ್ತೆ ಅಂತಾದ್ರೆ ಅದೇ ಕಾರಣ.

ಈಗ ಡಿಫ್ ವಿಷಯ. ನಾಲ್ಕು ಮಾತು ಹೇಳ್ತೀನಿ. ಮುಂದೆ ಹಿಂದೆ ಎರಡನ್ನೂ ಒಟ್ಟಿಗೆ ಬದಲಾಯಿಸ್ಬೇಕು. ಒಂದನ್ನೇ ಬದಲಾಯಿಸಿ ಫೋರ್ ವೀಲ್ ಹಾಕಿದ್ರೆ ಎರಡು ಆಕ್ಸಲ್ ಜಗಳ ಆಡಿ ಟ್ರಾನ್ಸ್‌ಫರ್ ಕೇಸ್ ಒಡೆಯುತ್ತೆ. ರೇಶಿಯೋ ಅಂಕಿ ದೊಡ್ಡದಾದಷ್ಟೂ ಪಿನಿಯನ್ (ಡಿಫ್‌ನ ಸಣ್ಣ ಗೇರ್) ಹಲ್ಲು ಕಡಿಮೆ: 4.10 ಅಂದ್ರೆ ಕ್ರೌನ್‌ಗೆ (ದೊಡ್ಡ ಗೇರ್) 41, ಪಿನಿಯನ್‌ಗೆ 10. 4.88 ಅಂದ್ರೆ 39ಕ್ಕೆ 8. 5.29 ಅಂದ್ರೆ 37ಕ್ಕೆ 7, ಅಲ್ಲಿ ಪಿನಿಯನ್ ಹೆಬ್ಬೆರಳಿನಷ್ಟು ಸಣ್ಣ ಆಗುತ್ತೆ, ಹಾಗಾಗಿ ದುರಾಸೆ ಬೇಡ. ಸೆಟ್ಟಿಂಗ್ ಮಾಡೋನ ಕೈ ನೋಡಿ ಕೆಲಸ ಕೊಡಿ. ಹಲ್ಲಿಗೆ ಹಳದಿ ಪೇಸ್ಟ್ ಹಚ್ಚಿ ತಿರುಗಿಸಿ, ಗುರುತು ಹಲ್ಲಿನ ಮಧ್ಯ ಬೀಳುತ್ತಾ ಅಂತ ನಿಮಗೆ ತೋರಿಸ್ಲಿ. ಬ್ಯಾಕ್‌ಲ್ಯಾಶ್ (ಹಲ್ಲುಗಳ ನಡುವಿನ ಸಡಿಲ) ಡಯಲ್ ಗೇಜಲ್ಲಿ ಅಳೀಲಿ, ಸಾಮಾನ್ಯವಾಗಿ 0.13ರಿಂದ 0.20 ಮಿ.ಮೀ. ಒಳಗಿರ್ಬೇಕು. "ಕೈಯಲ್ಲೇ ಗೊತ್ತಾಗುತ್ತೆ ಸಾರ್" ಅಂದೋನ ಹತ್ರ ಬಿಡ್ಬೇಡಿ. ಅಂಥವನ ಹತ್ರ ಮಾಡಿಸಿದ ಒಂದು ಗಾಡಿ ನನ್ನ ಹತ್ರ ಬಂದಿತ್ತು, ಕಾಲು ಒತ್ತಿದ್ರೆ ಒಂದು ಊಳು, ಬಿಟ್ರೆ ಇನ್ನೊಂದು ಊಳು.

ನಾಲ್ಕನೇದು, ಡಿಫ್ ಹೇಗೂ ಬಿಚ್ಚುತ್ತೀರಿ, ಹಿಂದೆ ಲಾಕರ್ (ಎರಡೂ ಚಕ್ರ ಒಟ್ಟಿಗೇ ತಿರುಗೋ ಹಾಗೆ ಮಾಡೋದು) ಆಗಲೇ ಹಾಕ್ಸಿ. ಇದೇ ಕೆಲಸನ ಎರಡು ಸಲ ಮಾಡ್ಸೋದು ದಂಡ. ಓಪನ್ ಡಿಫ್‌ನಲ್ಲಿ ಒಂದು ಚಕ್ರ ಗಾಳಿಗೆ ಎದ್ರೆ ನಿಮ್ಮ 44 ರೇಶಿಯೋ ಪೂರ್ತಿ ಆ ಗಾಳೀಲಿ ತಿರುಗೋ ಚಕ್ರಕ್ಕೇ ಹೋಗುತ್ತೆ.

ಕಲ್ಲುದಾರಿ:
ಲಾಕರ್ ಗಾಳಿಯದ್ದು ಹಾಕಿ, ಬೇಕಾದಾಗ ಮಾತ್ರ ಒತ್ತುವುದು. ಅದರ ಕಂಪ್ರೆಸರಲ್ಲೇ ಟೈರಿಗೂ ಗಾಳಿ ತುಂಬಬಹುದು. ತನ್ನಷ್ಟಕ್ಕೆ ಲಾಕ್ ಆಗುವ ಅಗ್ಗದ್ದು ಉಂಟು, ಗಟ್ಟಿಯೂ ಹೌದು, ಆದರೆ ಖಾಲಿ ಪಿಕಪ್ಪಿನಲ್ಲಿ ಒದ್ದೆ ರಸ್ತೆಯ ತಿರುವಲ್ಲಿ ಬಾಲ ಯಾವಾಗ ಹೊರಗೆ ಹೋಗ್ತದೆ ಅಂತ ಹೇಳ್ಲಿಕ್ಕೆ ಆಗುವುದಿಲ್ಲ.

ಮತ್ತೆ ಇದೆಲ್ಲದಕ್ಕಿಂತ ಮೊದಲು ಒಂದು ಧರ್ಮದ ಅಪ್‌ಗ್ರೇಡ್ ಉಂಟು: ಟೈರಿನ ಗಾಳಿ. ನೀವು ಕಲ್ಲಿಗೆ ಹೋಗುವಾಗ ಎಷ್ಟು ಇಡ್ತೀರಿ?

ಕೆಸರುಗಾಲಿ:
32 ಪಿಎಸ್‌ಐ. ಇಳಿಸ್ಬೇಕಾ?

ಕಲ್ಲುದಾರಿ:
ದೇವರೇ. 18ಕ್ಕೆ ಇಳಿಸಿ. ಹಿಂದೆ ಖಾಲಿ ಇದ್ದರೆ ಹಿಂದಿನದು 16. ಸಾದಾ ರಿಮ್ಮಲ್ಲಿ ಅದಕ್ಕಿಂತ ತುಂಬ ಕೆಳಗೆ ಹೋದರೆ ಟೈರ್ ರಿಮ್ಮಿಂದ ಕಳಚುವ ಭಯ. ರಸ್ತೆಗೆ ಬಂದ ಕೂಡಲೇ ಪುನಃ ತುಂಬಿಸಿ.

ಕೆಸರುಗಾಲಿ:
ನಾಲ್ಕು ತಿಂಗಳಾದ ಮೇಲೆ ಬರೀತಿದೀನಿ. 4.88 ಎರಡೂ ಕಡೆ, ಹಿಂದೆ ಗಾಳಿ ಲಾಕರ್. ಪೇಸ್ಟ್ ಗುರುತು ನನ್ನ ಕಣ್ಣೆದುರೇ ಮೂರು ಸಲ ನೋಡಿ ಶಿಮ್ (ತೆಳು ಬಿಲ್ಲೆ) ಬದಲಾಯಿಸಿದ್ರು, ಒಂದು ದಿನ ಪೂರ್ತಿ ಬೇಕಾಯ್ತು. ಮೊದಲ ದಿನ 25 ಕಿ.ಮೀ. ಓಡಿಸಿ ಅರ್ಧ ಗಂಟೆ ತಣ್ಣಗಾಗೋಕೆ ಬಿಡಿ, ಭಾರ ಎಳೀಬೇಡಿ, 800 ಕಿ.ಮೀ.ಗೆ ಆಯಿಲ್ ಬದಲಾಯಿಸಿ ಅಂದಿದ್ರು. ಹಾಗೇ ಮಾಡಿದೆ.

ಅದೇ ಕಲ್ಲಿನ ಮೆಟ್ಟಿಲಿಗೆ ಹೋಗಿದ್ದೆ. 18 ಪಿಎಸ್‌ಐ, ಲೋ ಒಂದನೇ ಗೇರ್, ಲಾಕರ್ ಒತ್ತಿ ಕ್ಲಚ್ಚಿಂದ ಕಾಲು ತೆಗೆದೆ. ಟೈರಿನ ಪಕ್ಕೆ ಕಲ್ಲಿನ ಅಂಚಿಗೆ ಮಡಚಿಕೊಂಡು ಕಚ್ಚೋದು ಕಿಟಕಿಯಿಂದ ಕಾಣ್ತಿತ್ತು. 1300 ಆರ್‌ಪಿಎಮ್, ಒಂದು ಸಲವೂ ಕುಸಿಯಲಿಲ್ಲ. ಕ್ಲಚ್ ವಾಸನೆ ಇಲ್ಲ. ಇಳಿಯುವಾಗ ಮಾತ್ರ ಇನ್ನೂ ಸ್ವಲ್ಪ ನಿಧಾನ ಇದ್ದಿದ್ರೆ ಅನ್ನಿಸ್ತು, ಟ್ರಾನ್ಸ್‌ಫರ್ ಕೇಸ್ ಮುಂದಿನ ವರ್ಷಕ್ಕೆ.

ಒಂದು ಎಡವಟ್ಟು ಆಯ್ತು. ವಾಪಸ್ ಬರುವಾಗ ಹಳ್ಳ ದಾಟಿದೆ, ಆಮೇಲೆ ನೋಡಿದ್ರೆ ಮುಂದಿನ ಡಿಫ್ ಆಯಿಲ್ ಹಾಲು ಬೆರೆತ ಬಣ್ಣ. ಹೊಸ ಗೇರು!

ಗ್ರೀಸ್‌ಕೈ:
ಬ್ರೀದರ್, ಅಂದ್ರೆ ಆಕ್ಸಲ್ ಉಸಿರಾಡೋ ತೂತು. ಬಿಸಿ ಆಕ್ಸಲ್ ತಣ್ಣೀರಿಗೆ ಇಳಿದ ತಕ್ಷಣ ಒಳಗಿನ ಗಾಳಿ ಕುಗ್ಗಿ ಹೀರ್ಕೊಳ್ಳುತ್ತೆ. ಬ್ರೀದರ್ ಕೊಳೆಯಿಂದ ಮುಚ್ಚಿಕೊಂಡಿದ್ರೆ ಆಯಿಲ್ ಸೀಲಿನ ಮೂಲಕ ನೀರೇ ಒಳಗೆ ಬರುತ್ತೆ. ಒಂದು ಮೀಟರ್ ರಬ್ಬರ್ ಪೈಪ್ ಹಾಕಿ ಬಾನೆಟ್ ಒಳಗೆ ಮೇಲೆ ಕಟ್ಟಿ, ಹಿಂದಿನದಕ್ಕೂ ಹಾಗೇ ಮಾಡಿ, ಗೇರ್‌ಬಾಕ್ಸಿಗೂ. ಆಯಿಲ್ ಇವತ್ತೇ ಬದಲಾಯಿಸಿ, ಒಂದೆರಡು ದಿನ ಓಡಿಸಿ ಮತ್ತೊಮ್ಮೆ ಬದಲಾಯಿಸಿ. ಡ್ರೈನ್ ಪ್ಲಗ್ಗಿನ ಮ್ಯಾಗ್ನೆಟ್ ನೋಡಿ ಹೇಳಿ. ಬೂದು ಪೇಸ್ಟ್ ಇದ್ರೆ ಪರವಾಗಿಲ್ಲ, ಬೆರಳಿಗೆ ಚುಚ್ಚೋ ಚೂರು ಸಿಕ್ರೆ ಗಾಡಿ ನಿಲ್ಲಿಸಿ.

ಕೆಸರುಗಾಲಿ:
ಈಗಷ್ಟೇ ಬಿಚ್ಚಿದೆ. ಬೂದು ಪೇಸ್ಟ್, ತೆಳ್ಳಗೆ. ಎರಡು ಸಲ ಬೆರಳಲ್ಲಿ ಉಜ್ಜಿ ನೋಡಿದೆ, ಚೂರು ಒಂದೂ ಇಲ್ಲ. ಪೈಪ್ ತರೋಕೆ ಹೊರಟೆ.